ಜಾರುವ ಸ್ವರಕ್ಕೆ ಎಷ್ಟು ಡ್ರೈವ್ ಬೇಕು?

1967ರಲ್ಲಿ ಮೈಸೂರಿನಲ್ಲಿ ಹುಟ್ಟಿದ ಎನ್. ರವಿಕಿರಣ್ ಚಿತ್ರವೀಣೆ ನುಡಿಸುವಾಗ ಕೇಳುಗರ ಕಣ್ಣು ಮೊದಲು ಹೋಗುವುದು ಅವರ ಎಡಗೈಗೆ. ಮೆಟ್ಟಿಲುಗಳೇ ಇಲ್ಲದ ದಂಡಿಯ ಮೇಲೆ ಟೆಫ್ಲಾನ್ ತುಂಡೊಂದು ಜಾರುತ್ತಿರುತ್ತದೆ; ಗಮಕವೆಲ್ಲ ಆ ಜಾರಿಕೆಯಲ್ಲೇ ಹುಟ್ಟಬೇಕು. ಆದರೆ ಮೀಟಿದ ಮರುಕ್ಷಣದಿಂದಲೇ ತಂತಿಯ ನಾದ ಸೊರಗತೊಡಗುತ್ತದೆ. ಗೋಟುವಾದ್ಯ ಎಂಬ ಹೆಸರೂ ಇರುವ ಈ ವಾದ್ಯದಲ್ಲಿ ಮುಖ್ಯ ತಂತಿಗಳ ಕೆಳಗೆ ತಾವಾಗಿಯೇ ಮಿಡಿಯುವ ತಂತಿಗಳ ಸಾಲೊಂದಿದ್ದು, ಆ ನಾದಕ್ಕೆ ಆಸರೆಯಾಗುತ್ತದೆ.

ಸ್ಲೈಡ್ ಗಿಟಾರಿನದೂ ಇದೇ ಕಷ್ಟ. ಬೆಂಗಳೂರಿನ ಪ್ರಕಾಶ್ ಸೊಂಟಕ್ಕೆ ಅವರಂತೆ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ ನುಡಿಸಿದರೂ, ಬ್ಲೂಸ್ ವಾದಕರಂತೆ ಬೆರಳಿಗೆ ಗಾಜಿನ ಕೊಳವೆ ತೊಟ್ಟರೂ, ಜಾರಿ ಗುರಿ ಮುಟ್ಟುವವರೆಗೆ ಸ್ವರ ಬದುಕಿರಬೇಕು. ಎಲೆಕ್ಟ್ರಿಕ್ ಗಿಟಾರಿನಲ್ಲಿ ಆ ಕೆಲಸಕ್ಕೆ ನಿಲ್ಲುವುದು ಕಾಲಡಿಯ ಓವರ್‌ಡ್ರೈವ್ ಪೆಡಲ್.

9 ವೋಲ್ಟ್ ಬ್ಯಾಟರಿಯಲ್ಲಿ ನಡೆಯುವ ಈ ಪೆಟ್ಟಿಗೆ ಮೊದಲು ಗಿಟಾರಿನ ಸಂಕೇತವನ್ನು ಹಿಗ್ಗಿಸುತ್ತದೆ. ಬಳಿಕ ಡಯೋಡ್‌ಗಳು ಅಲೆಯ ನೆತ್ತಿಯನ್ನು ಸವರುತ್ತವೆ. ಸಿಲಿಕಾನ್ ಡಯೋಡ್ ಸುಮಾರು 0.6 ವೋಲ್ಟ್ ದಾಟುತ್ತಿದ್ದಂತೆ ಕೆಲಸಕ್ಕಿಳಿಯುತ್ತದೆ. ತಂತಿಯ ಕಂಪನ ಅರ್ಧಕ್ಕಿಳಿದರೂ ಹಿಗ್ಗಿದ ಅಲೆ ಇನ್ನೂ ಆ ಮಿತಿಯ ಮೇಲೇ ಇರುವುದರಿಂದ, ಹೊರಬರುವ ಸದ್ದು ಅಷ್ಟಾಗಿ ಕುಗ್ಗುವುದಿಲ್ಲ. ಸ್ವರ ನಿಂತಂತೆ ಕೇಳಿಸುವ ಗುಟ್ಟು ಇದೇ.

ಹಾಗೆಂದು ಈ ಹಿಗ್ಗಿಸುವಿಕೆಯ ಪ್ರಮಾಣವನ್ನು ನಿಯಂತ್ರಿಸುವ ಡ್ರೈವ್ ಗುಂಡಿಯನ್ನು ಪೂರ್ತಿ ತಿರುಗಿಸಿದರೆ ಕೆಟ್ಟಿತು. ಸಣ್ಣ ಸದ್ದನ್ನು ದೊಡ್ಡದು ಮಾಡುವ ಪೆಡಲಿಗೆ ಸ್ವರ ಯಾವುದು, ಕೊಳವೆ ತಂತಿಗೆ ಉಜ್ಜುವ ಸರಸರ ಯಾವುದು ಎಂಬ ಭೇದವಿಲ್ಲ. ಕೊಳವೆಯ ಹಿಂದೆ ಉಳಿದ ತಂತಿಯ ತುಣುಕೂ ಮಿಡಿಯುತ್ತದೆ. ವಾದಕರು ಹಿಂದಿನ ಬೆರಳುಗಳನ್ನು ತಂತಿಗೆ ಹಗುರವಾಗಿ ತಾಗಿಸಿ ಅದನ್ನು ಅಡಗಿಸುವುದು ಅದಕ್ಕೇ.

ಎರಡು ತಂತಿ ಒಟ್ಟಿಗೆ ಮಿಡಿದಾಗ ಇನ್ನೊಂದು ತೊಡಕು. ಬೆರೆತ ಅಲೆಗಳ ನೆತ್ತಿ ಸವರಿದಾಗ, ಅವುಗಳ ಆವರ್ತನಗಳ ವ್ಯತ್ಯಾಸದಷ್ಟು ಆವರ್ತನದ ಹೊಸ ಸ್ವರವೂ ಹುಟ್ಟುತ್ತದೆ. ಷಡ್ಜ 400 ಹರ್ಟ್ಸ್, ಅಂತರ ಗಾಂಧಾರ 500 ಹರ್ಟ್ಸ್ ಇದ್ದರೆ ಹುಟ್ಟುವುದು 100 ಹರ್ಟ್ಸ್: ಸರಿಯಾಗಿ ಎರಡು ಸ್ಥಾಯಿ ಕೆಳಗಿನ ಷಡ್ಜ. ಸ್ಥಾಯಿಯನ್ನು ಸಮನಾಗಿ ಹಂಚುವ ಗಿಟಾರಿನ ಸಮಭಾಗ ಶ್ರುತಿಯಲ್ಲಾದರೆ ಅದೇ ಗಾಂಧಾರ ಸುಮಾರು 504 ಹರ್ಟ್ಸ್. ಹುಟ್ಟುವ 104 ಹರ್ಟ್ಸ್ ಯಾವ ಷಡ್ಜಕ್ಕೂ ಕೂಡದೆ ಕಿವಿಗೆ ಒರಟಾಗುತ್ತದೆ. ಖಾಲಿ ತಂತಿಗಳೇ ಸ್ವರಮೇಳ ನುಡಿಯುವ ಓಪನ್ ಟ್ಯೂನಿಂಗ್‌ನಲ್ಲಿ ನುಡಿಸುವವರು ಗಾಂಧಾರದ ತಂತಿಯನ್ನು ಕೂದಲೆಳೆಯಷ್ಟು ಇಳಿಸಿಕೊಂಡರೆ ಈ ಒರಟುತನ ತಗ್ಗುತ್ತದೆ.

ಪೆಡಲ್ ಆರಿಸುವಾಗ ಹೀಗಾಗಿ ಕೇಳಬೇಕಾದದ್ದು ಅದು ಎಷ್ಟು ಅಬ್ಬರಿಸುತ್ತದೆ ಎಂದಲ್ಲ, ಕಡಿಮೆ ಡ್ರೈವ್‌ನಲ್ಲಿ ಹೇಗೆ ನಡೆದುಕೊಳ್ಳುತ್ತದೆ ಎಂದು. 1979ರ ಐಬನೆಜ್ ಟಿಎಸ್808 ಟ್ಯೂಬ್ ಸ್ಕ್ರೀಮರ್ ಸುಮಾರು 720 ಹರ್ಟ್ಸ್‌ಗಿಂತ ಕೆಳಗಿನ ನಾದವನ್ನು ಅಷ್ಟಾಗಿ ಹಿಗ್ಗಿಸುವುದಿಲ್ಲ. ದಪ್ಪ ತಂತಿಗಳು ಗೊಜಗೊಜ ಎನ್ನುವುದಿಲ್ಲ, ನಡುವಿನ ನಾದ ಮುಂದೆ ಬರುತ್ತದೆ. ಸ್ಲೈಡ್‌ಗೆ ಇದು ಹೊಂದುತ್ತದೆ. 1981ರ ಬಾಸ್ ಎಸ್‌ಡಿ-1 ಅಲೆಯ ಮೇಲ್ಭಾಗವನ್ನೂ ಕೆಳಭಾಗವನ್ನೂ ಬೇರೆ ಬೇರೆ ಪ್ರಮಾಣದಲ್ಲಿ ಸವರುವುದರಿಂದ ಅದರ ಬಣ್ಣವೇ ಬೇರೆ. 1995ರ ಬಾಸ್ ಬ್ಲೂಸ್ ಡ್ರೈವರ್ ಬೆರಳಿನ ಒತ್ತಡಕ್ಕೆ ಚುರುಕಾಗಿ ಓಗೊಡುತ್ತದೆ. ಆದರೆ ಅದರ ನಾದ ಮೊದಲೇ ಹರಿತ. ಲೋಹದ ಕೊಳವೆಯ ಜೊತೆ ಟೋನ್ ಗುಂಡಿಯನ್ನು ತುಸು ಇಳಿಸಬೇಕಾದೀತು.

ಇದೊಂದೇ ದಾರಿಯೇನಲ್ಲ. ಲಿಟಲ್ ಫೀಟ್ ತಂಡದ ಲೋವೆಲ್ ಜಾರ್ಜ್ ಸ್ವರ ನಿಲ್ಲಿಸಲು, ಸದ್ದಿನ ಏರಿಳಿತ ತಗ್ಗಿಸುವ ಕಂಪ್ರೆಸರನ್ನು ನೆಚ್ಚಿಕೊಂಡಿದ್ದರು. ಸ್ಲೈಡ್ ವಾದಕ ಡೆರೆಕ್ ಟ್ರಕ್ಸ್ ಹೆಚ್ಚಾಗಿ ಗಿಟಾರನ್ನು ನೇರ ಆಂಪ್ಲಿಫೈಯರ್‌ಗೇ ಜೋಡಿಸುತ್ತಾರೆ.

ಅಂಗಡಿಯಲ್ಲಿ ಪರೀಕ್ಷೆ ಸುಲಭ. ಡ್ರೈವ್ ಕಾಲು ಭಾಗದಷ್ಟಿರಲಿ. ಒಂದು ತಂತಿ ಮೀಟಿ ನಿಧಾನವಾಗಿ 12ನೇ ಫ್ರೆಟ್‌ಗೆ ಜಾರಿ, ಸದ್ದು ಅಡಗುವವರೆಗೂ ಕೇಳಬೇಕು: ಕೊನೆಯಲ್ಲಿ ಅದು ನಯವಾಗಿ ಕರಗುತ್ತದೋ, ಚರಚರ ಎಂದು ಹರಿದುಹೋಗುತ್ತದೋ? ಆಮೇಲೆ ಗಿಟಾರಿನ ವಾಲ್ಯೂಮ್ ಅರ್ಧಕ್ಕಿಳಿಸಿ ಎರಡು ತಂತಿ ಒಟ್ಟಿಗೆ ಮೀಟಬೇಕು. ಆಗಲೂ ಎರಡೂ ಸ್ವರ ಬಿಡಿಬಿಡಿಯಾಗಿ ಕೇಳಿಸದಿದ್ದರೆ ಮುಂದಿನ ಪೆಡಲ್ ನೋಡುವುದು ಒಳ್ಳೆಯದು.