ಮುಕ್ತ ಕಾರ್ಯಾಚರಣ ವ್ಯವಸ್ಥೆ: ಸಾಮಾನ್ಯ ವರ್ತಕರು ಬದಲಾಯಿಸಿಕೊಳ್ಳುವರೇ?

2025ರ ಅಕ್ಟೋಬರ್ 14ರಂದು ಮೈಕ್ರೋಸಾಫ್ಟ್ ಸಂಸ್ಥೆಯು ವಿಂಡೋಸ್ 10ರ ಸಾಮಾನ್ಯ ಬೆಂಬಲವನ್ನು ಕೊನೆಗೊಳಿಸಿತು. ನೋಂದಾಯಿಸಿಕೊಂಡ ವೈಯಕ್ತಿಕ ಬಳಕೆದಾರರಿಗೆ ಇನ್ನೊಂದು ವರ್ಷ ಸುರಕ್ಷತಾ ಪರಿಷ್ಕರಣೆಗಳನ್ನು ಪಡೆಯುವ ಅವಕಾಶ ನೀಡಲಾಯಿತಾದರೂ ಅದು ತಾತ್ಕಾಲಿಕ ಏರ್ಪಾಡು ಮಾತ್ರ. ಇದರ ಮುಂದಿನ ಆವೃತ್ತಿಯಾದ ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಸುರಕ್ಷತಾ ಅಂಗವೂ, ಇಂಟೆಲ್ ಯಂತ್ರವಾದರೆ ಸಾಮಾನ್ಯವಾಗಿ ಎಂಟನೆಯ ಅಥವಾ ಅನಂತರದ ಪೀಳಿಗೆಯ ಪ್ರೊಸೆಸರೂ ಅವಶ್ಯ. ಹೀಗಾಗಿ ಸುಸ್ಥಿತಿಯಲ್ಲಿರುವ ಅನೇಕ ಗಣಕಯಂತ್ರಗಳು ಕೆಟ್ಟುಹೋಗದೆಯೇ ಹಳತಾಗಿವೆ.

ಗದಗ ತಾಲ್ಲೂಕಿನ ಹರ್ತಿಯಂತಹ ಗ್ರಾಮದಲ್ಲಿ ಬೀಜ-ಗೊಬ್ಬರದ ಅಂಗಡಿಯನ್ನೋ, ಕಡಲೆ, ಹೆಸರು, ಶೇಂಗಾ ಖರೀದಿಯ ವ್ಯವಹಾರವನ್ನೋ ನಡೆಸುವವರ ಮುಂದೆ ಈಗ ಮೂರು ದಾರಿಗಳಿವೆ. ಹೊಸ ಯಂತ್ರವನ್ನು ಕೊಳ್ಳುವುದು ಒಂದು. ಅಪಾಯವಿದ್ದರೂ ಹಳೆಯದರಲ್ಲಿಯೇ ಮುಂದುವರಿಯುವುದು ಎರಡನೆಯದು. ಅದೇ ಯಂತ್ರದಲ್ಲಿ ಲಿನಕ್ಸ್‌ನಂತಹ ಮುಕ್ತ ಆಕರ ಕಾರ್ಯಾಚರಣ ವ್ಯವಸ್ಥೆಯನ್ನು ಅಳವಡಿಸಿಕೊಳ್ಳುವುದು ಮೂರನೆಯದು. ಈ ಮೂರನೆಯ ದಾರಿ ಎಷ್ಟರಮಟ್ಟಿಗೆ ಸಾಧ್ಯ ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಮುಕ್ತ ಆಕರ ಎಂದರೇನು?

ಗಣಕದ ಯಂತ್ರಭಾಗಗಳಿಗೂ ಲೆಕ್ಕಪತ್ರ, ಬೆರಳಚ್ಚು ಮೊದಲಾದ ತಂತ್ರಾಂಶಗಳಿಗೂ ನಡುವೆ ನಿಂತು ಕೆಲಸ ಮಾಡಿಸುವುದೇ ಕಾರ್ಯಾಚರಣ ವ್ಯವಸ್ಥೆ. ಇದರ ಮೂಲ ಸಂಕೇತವನ್ನು ಯಾರು ಬೇಕಾದರೂ ನೋಡಲು, ತಿದ್ದಲು, ಹಂಚಲು ಅವಕಾಶವಿದ್ದರೆ ಅದು ಮುಕ್ತ ಆಕರ. ರಿಚರ್ಡ್ ಸ್ಟಾಲ್‌ಮನ್ 1983ರಲ್ಲಿ ಘೋಷಿಸಿದ ಗ್ನೂ ಯೋಜನೆ ಹಾಗೂ ಲೀನಸ್ ಟೋರ್ವಾಲ್ಡ್ಸ್ 1991ರಲ್ಲಿ ಬಿಡುಗಡೆ ಮಾಡಿದ ಲಿನಕ್ಸ್ ತಿರುಳು ಇವುಗಳಿಂದ ಇಂದಿನ ಉಬುಂಟು ಮೊದಲಾದ ವ್ಯವಸ್ಥೆಗಳು ರೂಪುಗೊಂಡಿವೆ. ಭಾರತದಲ್ಲಿ ಸಿ-ಡ್ಯಾಕ್ ಸಂಸ್ಥೆಯು 'ಬಾಸ್' ಎಂಬ ಆವೃತ್ತಿಯನ್ನು ಸಿದ್ಧಪಡಿಸಿದೆ. ಸರ್ಕಾರಿ ಕಾರ್ಯಗಳಲ್ಲಿ ಮುಕ್ತ ಆಕರ ತಂತ್ರಾಂಶಗಳಿಗೆ ಆದ್ಯತೆ ನೀಡಬೇಕೆಂಬ ನೀತಿಯನ್ನು ಕೇಂದ್ರ ಸರ್ಕಾರವು 2015ರಲ್ಲಿ ಪ್ರಕಟಿಸಿತು.

ಜಗತ್ತಿನ ಅತಿ ವೇಗದ 500 ಸೂಪರ್ ಕಂಪ್ಯೂಟರುಗಳೆಲ್ಲವೂ 2017ರ ನವೆಂಬರ್‌ನಿಂದ ಲಿನಕ್ಸ್ ಆಧಾರಿತವೇ ಆಗಿವೆ. ವರ್ತಕರ ಜೇಬಿನಲ್ಲಿರುವ ಆಂಡ್ರಾಯ್ಡ್ ಫೋನಿನ ಒಳಗಿರುವುದೂ ಲಿನಕ್ಸ್ ತಿರುಳೇ. ಆದರೆ ಮೇಜಿನ ಮೇಲಿನ ಗಣಕಗಳಲ್ಲಿ ಅದರ ಪಾಲು 2024ರ ಆರಂಭದಲ್ಲಿ ಜಾಗತಿಕವಾಗಿ ಶೇಕಡಾ 4ರಷ್ಟು ಮಾತ್ರವಿತ್ತು. ಉಚಿತವೂ ಸಮರ್ಥವೂ ಆದ ವಸ್ತುವನ್ನು ಜನರು ಏಕೆ ಸ್ವೀಕರಿಸುತ್ತಿಲ್ಲ?

ತೊಡಕಿನ ನಾಲ್ಕು ಗಂಟುಗಳು

ಮೊದಲನೆಯದು ಲೆಕ್ಕಪತ್ರ. ಬೆಂಗಳೂರಿನ ಸಂಸ್ಥೆಯೊಂದರ ಉತ್ಪನ್ನವಾದ ಟ್ಯಾಲಿ ನಮ್ಮ ವ್ಯಾಪಾರಿಗಳ ಖಾತೆ-ಕಿರ್ದಿಯ ಸ್ಥಾನವನ್ನೇ ಪಡೆದಿದೆ. ಅದು ವಿಂಡೋಸ್‌ಗಾಗಿ ರಚಿತವಾದ ತಂತ್ರಾಂಶ. ವರ್ಷಗಳ ಬಾಕಿ-ಜಮಾ, ಸರಕಿನ ವಿವರಗಳೆಲ್ಲ ಅದರಲ್ಲಿರುವಾಗ ಗುಮಾಸ್ತರೂ ಲೆಕ್ಕಪರಿಶೋಧಕರೂ ಅದನ್ನು ಬಿಡಲು ಒಪ್ಪುವುದಿಲ್ಲ.

ಎರಡನೆಯದು ಕನ್ನಡ. ನುಡಿ, ಬರಹಗಳ ಹಳೆಯ ಅಕ್ಷರಶೈಲಿಗಳಲ್ಲಿ ಬರೆದಿಟ್ಟ ಪತ್ರಗಳು ಯೂನಿಕೋಡ್ ಸಂಕೇತದಲ್ಲಿಲ್ಲ. ಆ ಅಕ್ಷರಶೈಲಿ ಇಲ್ಲದ ಗಣಕದಲ್ಲಿ ಅವು ಅರ್ಥವಿಲ್ಲದ ಚಿಹ್ನೆಗಳಾಗಿ ತೋರುತ್ತವೆ. ಇದು ಲಿನಕ್ಸ್‌ನ ದೋಷವೆಂದು ಅನೇಕರು ಭಾವಿಸುತ್ತಾರೆ. ವಾಸ್ತವವಾಗಿ ಯೂನಿಕೋಡ್ ಕನ್ನಡವು ಲಿನಕ್ಸ್‌ನಲ್ಲಿ ಚೆನ್ನಾಗಿಯೇ ಮೂಡುತ್ತದೆ. ಗುಬ್ಬಿ, ನವಿಲು, ಲೋಹಿತ್ ಅಕ್ಷರಶೈಲಿಗಳು ಮುಕ್ತವಾಗಿ ದೊರೆಯುತ್ತವೆ. ಗಣಕ ಪರಿಷತ್ತಿನ ಕೀಲಿಮಣೆ ವಿನ್ಯಾಸವೂ ಲಭ್ಯವಿರುವುದರಿಂದ ನುಡಿಯಲ್ಲಿ ಪಳಗಿದ ಕೈ ಹೊಸದಾಗಿ ಕಲಿಯಬೇಕಾದುದು ಅಲ್ಪ. ಹಳೆಯ ಕಡತಗಳನ್ನು ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳೂ ಇವೆ.

ಮೂರನೆಯದು ಉಪಕರಣಗಳು. ಮುದ್ರಕ, ಡಿಜಿಟಲ್ ಸಹಿಯ ಟೋಕನ್, ಗೊಬ್ಬರ ಮಾರಾಟಕ್ಕೆ ಬೇಕಾದ ಬೆರಳಚ್ಚು ಗ್ರಾಹಕ ಇವುಗಳಲ್ಲಿ ಪ್ರತಿಯೊಂದಕ್ಕೂ ಚಾಲಕ ತಂತ್ರಾಂಶ ಬೇಕು. ಕೆಲವು ತಯಾರಕರು ಲಿನಕ್ಸ್‌ಗೂ ಅದನ್ನು ಒದಗಿಸುತ್ತಾರೆ, ಕೆಲವರು ಒದಗಿಸುವುದಿಲ್ಲ. ಬೆರಳಚ್ಚು ಗ್ರಾಹಕವು ಕೆಲಸ ಮಾಡದಿದ್ದರೆ ಬಿತ್ತನೆಯ ಹಂಗಾಮಿನಲ್ಲಿ ಸಾಲಾಗಿ ನಿಂತ ರೈತರಿಗೆ ಅಂಗಡಿಕಾರರು ಉತ್ತರ ಹೇಳಬೇಕಾಗುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಬಿಗಿಯಾದ ಗಂಟು, ದುರಸ್ತಿಯ ನೆರವು. ವಿಂಡೋಸ್ ಕೆಟ್ಟರೆ ಸರಿಪಡಿಸುವವರು ಪೇಟೆಯಲ್ಲಿ ಸುಲಭವಾಗಿ ಸಿಗುತ್ತಾರೆ. ಲಿನಕ್ಸ್ ಬಲ್ಲವರು ವಿರಳ. ಬಳಸುವವರು ಕಡಿಮೆಯೆಂದು ಕಲಿಯುವವರಿಲ್ಲ, ಕಲಿತವರಿಲ್ಲವೆಂದು ಬಳಸುವವರಿಲ್ಲ.

ಕಾಸರಗೋಡು ಮತ್ತು ಮ್ಯೂನಿಕ್

ಈ ಗಂಟು ಬಿಚ್ಚಲಾರದ್ದೇನಲ್ಲ ಎಂಬುದಕ್ಕೆ ಕನ್ನಡಿಗರ ನಡುವೆಯೇ ನಿದರ್ಶನವಿದೆ. ಕೇರಳ ಸರ್ಕಾರವು ತನ್ನ ಶಾಲೆಗಳ ಗಣಕ ಶಿಕ್ಷಣವನ್ನು ಮುಕ್ತ ತಂತ್ರಾಂಶಗಳ ಮೇಲೆ ನಡೆಸುತ್ತಿದ್ದು, ಕಾಸರಗೋಡಿನ ಕನ್ನಡ ಮಾಧ್ಯಮದ ಮಕ್ಕಳೂ ಅದರಲ್ಲಿಯೇ ಕಲಿಯುತ್ತಿದ್ದಾರೆ. ಅಲ್ಲಿ ಕೇವಲ ತಂತ್ರಾಂಶವನ್ನು ಹಂಚಿ ಸುಮ್ಮನಾಗಲಿಲ್ಲ. ಅಧ್ಯಾಪಕರ ತರಬೇತಿ, ಪಠ್ಯಪುಸ್ತಕ, ಪರೀಕ್ಷೆ ಹಾಗೂ ನಿರ್ವಹಣೆಗಳನ್ನು ಒಟ್ಟಾಗಿ ಹೊಂದಿಸಲಾಯಿತು.

ಇದಕ್ಕೆ ಎದುರಾಗಿ ಜರ್ಮನಿಯ ಮ್ಯೂನಿಕ್ ನಗರಾಡಳಿತದ ಅನುಭವವಿದೆ. 2003ರಲ್ಲಿ ಲಿನಕ್ಸ್‌ನತ್ತ ಸಾಗಲು ನಿರ್ಧರಿಸಿದ ಆ ನಗರವು 2013ರ ಹೊತ್ತಿಗೆ ಸುಮಾರು 15,000 ಗಣಕಗಳನ್ನು ಬದಲಾಯಿಸಿಯೂ 2017ರಲ್ಲಿ ವಿಂಡೋಸ್‌ಗೆ ಮರಳಲು ತೀರ್ಮಾನಿಸಿತು. ರಾಜಕೀಯ ಕಾರಣಗಳ ಜೊತೆಗೆ, ಇಲಾಖೆಗಳ ವಿಶೇಷ ತಂತ್ರಾಂಶಗಳು ಹೊಂದಾಣಿಕೆಯಾಗದಿದ್ದುದೂ ಹೊರಗಿನವರೊಡನೆ ಕಡತಗಳನ್ನು ವಿನಿಮಯ ಮಾಡಿಕೊಳ್ಳುವಾಗ ಉಂಟಾದ ತೊಂದರೆಗಳೂ ಅಲ್ಲಿ ಚರ್ಚೆಗೆ ಬಂದವು.

ಬದಲಾಗುತ್ತಿರುವ ಪರಿಸ್ಥಿತಿ

2017ರ ಜುಲೈ 1ರಂದು ಜಿಎಸ್‌ಟಿ ಜಾರಿಯಾದ ಬಳಿಕ ತೆರಿಗೆ ವಿವರ ಸಲ್ಲಿಕೆ, ಇ-ವೇ ಬಿಲ್ ಮುಂತಾದ ಕೆಲಸಗಳು ಹೆಚ್ಚಾಗಿ ಬ್ರೌಸರ್ ಮೂಲಕವೇ ನಡೆಯುತ್ತಿವೆ. ಬ್ಯಾಂಕ್ ವ್ಯವಹಾರವೂ ಹಾಗೆಯೇ. ಬ್ರೌಸರ್‌ಗೆ ಅಡಿಯಲ್ಲಿರುವುದು ವಿಂಡೋಸೋ ಲಿನಕ್ಸೋ ಎಂಬ ಭೇದ ಅಷ್ಟಾಗಿ ಇಲ್ಲ. 2022ರಲ್ಲಿ ಕೇಂದ್ರವು ಮಂಜೂರು ಮಾಡಿದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣವೂ ಅಂತರಜಾಲದ ಸಾಮಾನ್ಯ ತಂತ್ರಾಂಶವನ್ನೇ ಆಧರಿಸಿದೆ. ಆದ್ದರಿಂದ ಸಾಮಾನ್ಯ ಬಳಕೆದಾರರು ಒಂದು ದಿನ ಸಾಮೂಹಿಕವಾಗಿ ಲಿನಕ್ಸ್‌ಗೆ ತೆರಳುವರೆಂದು ನಿರೀಕ್ಷಿಸುವುದು ಸರಿಯಲ್ಲ. ಒಂದೊಂದೇ ಕೆಲಸವು ವಿಂಡೋಸ್‌ನ ಹಿಡಿತದಿಂದ ಬಿಡಿಸಿಕೊಂಡಂತೆ ಬದಲಾವಣೆಯ ವೆಚ್ಚವು ಇಳಿಯುತ್ತ ಹೋಗುವುದೆಂಬುದೇ ಹೆಚ್ಚು ಸಮಂಜಸ.

ವರ್ತಕರು ಮಾಡಬಹುದಾದುದು

ಒಂದಕ್ಕಿಂತ ಹೆಚ್ಚು ಗಣಕವಿರುವವರು ಲೆಕ್ಕಪತ್ರದ ಯಂತ್ರವನ್ನು ಹಾಗೆಯೇ ಉಳಿಸಿಕೊಂಡು, ಪತ್ರವ್ಯವಹಾರಕ್ಕೂ ಅಂತರಜಾಲಕ್ಕೂ ಬಳಸುವ ಹಳೆಯ ಯಂತ್ರದಲ್ಲಿ ಮೊದಲು ಪ್ರಯೋಗ ಮಾಡುವುದು ಕ್ಷೇಮ. ಉಬುಂಟುವಿನಂತಹ ವ್ಯವಸ್ಥೆಯನ್ನು ಪೆನ್ ಡ್ರೈವ್‌ನಿಂದಲೇ ನಡೆಸಿ, ಗಣಕದಲ್ಲಿ ಏನನ್ನೂ ಅಳಿಸದೆ ಮುದ್ರಕ ಹಾಗೂ ಇತರ ಉಪಕರಣಗಳನ್ನು ಪರೀಕ್ಷಿಸಲು ಸಾಧ್ಯವಿದೆ. ಸ್ಥಾಪನೆಗೆ ಮುನ್ನ ಎಲ್ಲ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಡಬೇಕು. ಕನ್ನಡದ ಹಳೆಯ ಕಡತಗಳನ್ನು ಇಂದಿನಿಂದಲೇ ಯೂನಿಕೋಡ್‌ಗೆ ತರುವುದು, ವ್ಯವಸ್ಥೆ ಯಾವುದೇ ಇರಲಿ, ಲಾಭಕರ. ಒಂದೇ ಗಣಕವಿದ್ದು ಅದರಲ್ಲಿಯೇ ಟ್ಯಾಲಿ ನಡೆಸುವವರಿಗೆ ಸದ್ಯಕ್ಕೆ ಹೊಸ ಯಂತ್ರವೇ ಸೂಕ್ತವಾದೀತು.

ದುರಸ್ತಿಯ ನೆರವನ್ನು ಒಬ್ಬ ಚಿಕ್ಕ ವ್ಯಾಪಾರಿ ಒಂಟಿಯಾಗಿ ಹೊಂದಿಸಿಕೊಳ್ಳಲಾರರು. ಹತ್ತಾರು ಅಂಗಡಿಗಳು ಕೂಡಿ ಒಬ್ಬ ತರುಣ ತಂತ್ರಜ್ಞನಿಗೆ ತರಬೇತಿ ಕೊಡಿಸಿ, ವಾರ್ಷಿಕ ಶುಲ್ಕದ ಮೇಲೆ ನೇಮಿಸಿಕೊಂಡರೆ ಆ ಕೊರತೆ ನೀಗುತ್ತದೆ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘವನ್ನು ಕಟ್ಟಿದ ತಾಲ್ಲೂಕಿಗೆ ಈ ಮಾರ್ಗ ಹೊಸದೇನಲ್ಲ. ತಂತ್ರಾಂಶವು ಉಚಿತವಾಗಿ ದೊರೆತರೂ ಅದನ್ನು ನಡೆಸುವ ತಿಳಿವಳಿಕೆಗೆ ಬೆಲೆಯುಂಟು. ಆ ಬೆಲೆಯನ್ನು ಹಂಚಿಕೊಳ್ಳಲು ಸಿದ್ಧರಿರುವ ಕಡೆಯಲ್ಲಿ ಮಾತ್ರ ಮುಕ್ತ ವ್ಯವಸ್ಥೆಯು ನೆಲೆಯೂರಬಲ್ಲದು.