ಹನ್ನೊಂದು ಹೇಮಾವತಿಯ ನೀರು, ಸಹಿ ಹಾಕುವ ಹಕ್ಕಿಲ್ಲ

ಗೊರೂರಿನ ಹೇಮಾವತಿ ಜಲಾಶಯದಲ್ಲಿ ತುಂಬಿ ನಿಲ್ಲುವ ನೀರು 37 ಟಿಎಂಸಿ. ಅಷ್ಟು ನಿಂತರೆ ಅರಕಲಗೂಡು, ಹೊಳೆನರಸೀಪುರ, ಚನ್ನರಾಯಪಟ್ಟಣದ ರೈತರು ನಾಲೆಗೆ ನೀರು ಬಿಡುವುದು ಯಾವತ್ತು ಎಂದು ವಿಚಾರಿಸತೊಡಗುತ್ತಾರೆ. ಒಂದು ಜಿಲ್ಲೆಯ ವರ್ಷದ ಬದುಕು ಆ 37ರ ಮೇಲೆ ನಿಂತಿದೆ.

ಸಿರಿಯಾದಲ್ಲಿ ಯೂಫ್ರಟಿಸ್ ನದಿಗೆ ಕಟ್ಟಿರುವ ತಬ್ಕಾ ಅಣೆಕಟ್ಟು ನಾಲ್ಕೂವರೆ ಕಿಲೋಮೀಟರ್ ಉದ್ದ. ಅದರ ಹಿಂದೆ ನಿಲ್ಲುವ ನೀರು ಸುಮಾರು 410 ಟಿಎಂಸಿ, ಅಂದರೆ ಹನ್ನೊಂದು ಹೇಮಾವತಿ. 2017ರ ಮೇ ತಿಂಗಳಲ್ಲಿ ಅಮೆರಿಕದ ವಿಮಾನದಾಳಿಯ ನೆರವಿನಿಂದ ಅದನ್ನು ಐಸಿಸ್ ಕೈಯಿಂದ ಬಿಡಿಸಿಕೊಂಡದ್ದು ಯಾವ ದೇಶದ ಸೇನೆಯೂ ಅಲ್ಲ, ಅಲ್ಲಿನ ಅಲ್ಪಸಂಖ್ಯಾತ ಜನಾಂಗವಾದ ಕುರ್ದರ ಮುಂದಾಳತ್ವದ ಪಡೆ. ಅಷ್ಟು ದೊಡ್ಡ ನೀರಿನ ಕೀಲಿ ಕೈ ಸೇರಿದರೂ ಆ ನೀರಿನ ಬಗ್ಗೆ ಒಂದು ಒಪ್ಪಂದಕ್ಕೆ ಸಹಿ ಹಾಕುವ ಅಧಿಕಾರ ಅವರಿಗಿರಲಿಲ್ಲ. ಅವರ ಸ್ವಾಯತ್ತ ಆಡಳಿತವನ್ನು ಯಾವ ದೇಶವೂ ಮಾನ್ಯ ಮಾಡಿರಲಿಲ್ಲ.

ಸಿರಿಯಾ ಎಷ್ಟು ದೊಡ್ಡದು? 1,85,180 ಚದರ ಕಿಲೋಮೀಟರ್. ನಮ್ಮ ಕರ್ನಾಟಕ 1,91,791. ನಮ್ಮ ರಾಜ್ಯಕ್ಕಿಂತ ಚೂರು ಚಿಕ್ಕ ದೇಶವದು. ಅದರೊಳಗೆ ಕುರ್ದರ ಮುಂದಾಳತ್ವದ ಆಡಳಿತ ಹರಡಿದ್ದ ಕಾಲದಲ್ಲಿ ಸುಮಾರು 50 ಸಾವಿರ ಚದರ ಕಿಲೋಮೀಟರ್ ಅದರ ಕೈಯಲ್ಲಿತ್ತು. ಹಾಸನ ಜಿಲ್ಲೆಯಂಥ ಏಳು ಜಿಲ್ಲೆ. 2011ರ ಮಾರ್ಚ್‌ನಿಂದ ಹತ್ತು ವರ್ಷಗಳಲ್ಲಿ ಅಲ್ಲಿನ ಅಂತರ್ಯುದ್ಧದಲ್ಲಿ ಸತ್ತ ನಾಗರಿಕರ ಸಂಖ್ಯೆ 3,06,887 ಎಂಬುದು ವಿಶ್ವಸಂಸ್ಥೆಯ ಮಾನವ ಹಕ್ಕು ಕಚೇರಿಯ ಅಂದಾಜು. ಇದರಲ್ಲಿ ಯೋಧರ ಲೆಕ್ಕವಿಲ್ಲ. 2011ರ ಜನಗಣತಿಯ ಪ್ರಕಾರ ಹಾಸನ ಜಿಲ್ಲೆಯಲ್ಲಿ ನಾವಿದ್ದದ್ದು 17.76 ಲಕ್ಷ. ಆರು ಜನರಿಗೆ ಒಬ್ಬರಂತೆ ಹೋದರೆ ಎಷ್ಟಾಗುತ್ತದೋ ಹೆಚ್ಚುಕಡಿಮೆ ಅಷ್ಟು ಜೀವ.

ಇಂಥ ಸಾವುನೋವಿನ ನಡುವೆಯೇ ಕುರ್ದರು ಊರ ಸಭೆಗಳನ್ನು ಕಟ್ಟಿದರು. 2012ರ ಜುಲೈನಲ್ಲಿ ಸಿರಿಯಾ ಸೇನೆ ಕುರ್ದರ ಊರಾದ ಕೊಬಾನಿಯಿಂದ ಹಿಂದೆ ಸರಿಯಿತು. 2014ರ ಜನವರಿಯಲ್ಲಿ ಜಜೀರಾ, ಕೊಬಾನಿ, ಅಫ್ರಿನ್ ಎಂಬ ಮೂರು ಪ್ರಾಂತಗಳು ಸ್ವಯಮಾಡಳಿತ ಘೋಷಿಸಿಕೊಂಡವು. ಅವರು ಬರೆದುಕೊಂಡ ಸಾಮಾಜಿಕ ಒಡಂಬಡಿಕೆಯಲ್ಲಿ 96 ವಿಧಿಗಳು. ಸಭೆಗಳಲ್ಲಿ ಮಹಿಳೆಯರಿಗೆ ಕನಿಷ್ಠ ಶೇ 40 ಸ್ಥಾನ, ಪ್ರತಿ ಹುದ್ದೆಗೆ ಒಬ್ಬ ಗಂಡು ಒಬ್ಬಳು ಹೆಣ್ಣು ಜೋಡಿ ಅಧ್ಯಕ್ಷರು. ಜಜೀರಾದಲ್ಲಿ ಕುರ್ದಿ, ಅರಬಿ, ಸಿರಿಯಾಕ್ ಮೂರೂ ಆಡಳಿತ ಭಾಷೆ. ಎಲ್ಲಕ್ಕೂ ತಳದಲ್ಲಿ ಹತ್ತಾರು ಮನೆಗಳ ಕಮ್ಯೂನ್, ಹಾಲಿನ ಡೇರಿಯ ಮುಂದೆ ಎಲ್ಲರೂ ನಿಂತು ಮಾತಾಡಿ ಮುಗಿಸಬಹುದಾದಷ್ಟು ಚಿಕ್ಕದು. 1962ರ ಅಕ್ಟೋಬರ್‌ನಲ್ಲಿ ಒಂದೇ ದಿನದ ಜನಗಣತಿಯಿಂದ ಸುಮಾರು 1,20,000 ಕುರ್ದರು ಪೌರತ್ವ ಕಳೆದುಕೊಂಡಿದ್ದರು. ಆ ಪೀಳಿಗೆಯ ಮಕ್ಕಳು ಮೊಮ್ಮಕ್ಕಳು ಕಟ್ಟಿದ ಸಭೆಗಳಿವು. ಅವರು ಹೇಳಿಕೊಂಡ ಸಮಾಜವಾದದಲ್ಲಿ ಎಷ್ಟು ಪಾಲು ಆಚರಣೆಗೆ ಬಂತು, ಎಷ್ಟು ಪಾಲು ಆಳುವ ಪಕ್ಷದ ಬಿಗಿಹಿಡಿತದಲ್ಲಿ ಉಳಿಯಿತು ಎಂಬ ತಕರಾರು ನನಗೂ ಇದೆ. ಆದರೂ ಗುಂಡಿನ ಸದ್ದಿನ ನಡುವೆ ಕೂತು ಸಭೆ ನಡೆಸಿದವರ ಬಗ್ಗೆ ಗೌರವ ಕಡಿಮೆಯಾಗುವುದಿಲ್ಲ.

ನಮ್ಮಲ್ಲೂ ಇದರ ನೆಂಟಸ್ತಿಕೆಯ ಪ್ರಯೋಗವೊಂದು ನಡೆದಿದೆ, ರಕ್ತ ಹರಿಯದೆ. ಅಬ್ದುಲ್ ನಜೀರ್ ಸಾಬ್ ಹಳ್ಳಿಹಳ್ಳಿಗೆ ಬೋರ್‌ವೆಲ್ ಕೊರೆಸಿ ‘ನೀರ್ ಸಾಬ್’ ಎನಿಸಿಕೊಂಡ ಮಂತ್ರಿ. ಅವರು ರೂಪಿಸಿದ 1983ರ ಪಂಚಾಯಿತಿ ಕಾಯ್ದೆಯಡಿ 1987ರಲ್ಲಿ ಚುನಾವಣೆ ನಡೆದಾಗ ಗೆದ್ದು ಬಂದವರು 50 ಸಾವಿರಕ್ಕೂ ಹೆಚ್ಚು ಜನ. ಕಾಲುಭಾಗ ಸ್ಥಾನ ಮಹಿಳೆಯರಿಗೆ ಮೀಸಲು. ದೇಶದ ಸಂವಿಧಾನಕ್ಕೆ 73ನೇ ತಿದ್ದುಪಡಿ ಬಂದದ್ದು ಆಮೇಲೆ. ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳಿಯ ದೇವೇಗೌಡರು ಪ್ರಧಾನಿಯಾಗಿದ್ದಾಗ, 1996ರ ಡಿಸೆಂಬರ್‌ನಲ್ಲಿ, ಆದಿವಾಸಿ ಪ್ರದೇಶಗಳ ಗ್ರಾಮಸಭೆಗೆ ಅಧಿಕಾರ ಕೊಡುವ ‘ಪೆಸಾ’ ಕಾಯ್ದೆಯೂ ಬಂತು. ಇಂದು ನಮ್ಮ ಗ್ರಾಮ ಪಂಚಾಯಿತಿಗಳಲ್ಲಿ ಅರ್ಧ ಸ್ಥಾನ ಮಹಿಳೆಯರದು. ಶಾಲೆಯ ಮುಂದೆ ಶಾಮಿಯಾನ, ನಾಲ್ಕು ಸಾಲು ಪ್ಲಾಸ್ಟಿಕ್ ಕುರ್ಚಿ, ಮೈಕು ಹಿಡಿದ ಪಿಡಿಒ, ಕೋರಂ ಆಗಲಿಲ್ಲವೆಂದು ಸಹಿ ಪುಸ್ತಕ ಹಿಡಿದು ಅಂಗಡಿ ಬೀದಿಗೆ ಹೊರಡುವ ಬಿಲ್ ಕಲೆಕ್ಟರ್: ಎಷ್ಟೇ ಬೇಸರ ತರಿಸಿದರೂ ಈ ಸಭೆಯನ್ನು ಯಾರೂ ಬಾಂಬು ಹಾಕಿ ಎಬ್ಬಿಸುವುದಿಲ್ಲ. ಅದರ ಬೆನ್ನಿಗೆ ಸಂವಿಧಾನವಿದೆ.

ಈಗ ಮತ್ತೆ ನೀರಿನ ಲೆಕ್ಕ. ಯೂಫ್ರಟಿಸ್ ಹುಟ್ಟುವುದು ಟರ್ಕಿಯಲ್ಲಿ. ಅಲ್ಲಿನ ಅತಾತುರ್ಕ್ ಅಣೆಕಟ್ಟಿನ ಸಾಮರ್ಥ್ಯ ಸುಮಾರು 1,720 ಟಿಎಂಸಿ. ಹಾರಂಗಿ, ಹೇಮಾವತಿ, ಕಬಿನಿ, ಕೆಆರ್‌ಎಸ್ ನಾಲ್ಕೂ ಭರ್ತಿಯಾದರೆ 114 ಟಿಎಂಸಿ ಚಿಲ್ಲರೆ. ಅಂಥ ಹದಿನೈದು ಕಾವೇರಿ ಕೊಳ್ಳದ ನೀರು ಒಂದೇ ಕಟ್ಟೆಯ ಹಿಂದೆ! 1987ರ ಒಪ್ಪಂದದಂತೆ ಟರ್ಕಿ ಗಡಿಯಲ್ಲಿ ಸೆಕೆಂಡಿಗೆ ಸರಾಸರಿ 500 ಘನ ಮೀಟರ್ ನೀರು ಬಿಡಬೇಕು. ನಮ್ಮ ಲೆಕ್ಕದಲ್ಲಿ ಸುಮಾರು 17,650 ಕ್ಯೂಸೆಕ್. ಅಷ್ಟು ಒಳಹರಿವಿದ್ದರೆ ಖಾಲಿ ಗೊರೂರು 25 ದಿನದೊಳಗೆ ತುಂಬುತ್ತದೆ. 2021ರಲ್ಲಿ ಯೂಫ್ರಟಿಸ್‌ನ ಆ ಹರಿವು ಅರ್ಧಕ್ಕೂ ಕೆಳಗಿಳಿಯಿತು. ಹರಿವು ಇಳಿದರೆ ತಬ್ಕಾದ ಟರ್ಬೈನ್‌ಗಳು ನಿಲ್ಲುತ್ತವೆ, ಕರೆಂಟು ಹೋಗುತ್ತದೆ, ಗೋಧಿ ಒಣಗುತ್ತದೆ. 2019ರ ಅಕ್ಟೋಬರ್‌ನಲ್ಲಿ ಟರ್ಕಿಯ ದಾಳಿಯಲ್ಲಿ ಅಲೂಕ್ ಎಂಬ ಒಂದು ಪಂಪ್‌ಹೌಸ್ ಕುರ್ದರ ಕೈತಪ್ಪಿತು. ಅದನ್ನು ನಂಬಿದ್ದವರು 4.6 ಲಕ್ಷ ಜನ.

ಕಾವೇರಿಗಾಗಿ ನಾವೂ ಕಚ್ಚಾಡಿದ್ದೇವೆ, ಬೀದಿಗಿಳಿದಿದ್ದೇವೆ. ಆದರೆ 2007ರಲ್ಲಿ ನ್ಯಾಯಮಂಡಳಿಯ ಐತೀರ್ಪು, 2018ರ ಫೆಬ್ರವರಿಯಲ್ಲಿ ಬಿಳಿಗುಂಡ್ಲುವಿಗೆ 177.25 ಟಿಎಂಸಿ ಎಂಬ ಸುಪ್ರೀಂ ಕೋರ್ಟ್ ತೀರ್ಪು ನಮಗೆ ಸಿಕ್ಕಿವೆ. ನಮ್ಮ ಪರ ವಾದಿಸಲು ರಾಜ್ಯವೊಂದಿತ್ತು, ಕೇಳಲು ಕೋರ್ಟಿತ್ತು. ಕೊಬಾನಿಯ ಕಮ್ಯೂನ್ ಯಾವ ಕೋರ್ಟಿನ ಬಾಗಿಲು ತಟ್ಟಬೇಕು?

ಅದಕ್ಕೇ 2025ರ ಮಾರ್ಚ್ 10ರಂದು ಕುರ್ದರ ದಂಡನಾಯಕ ಮಜ್ಲೂಮ್ ಅಬ್ದಿ ಮತ್ತು ಸಿರಿಯಾದ ಹೊಸ ಅಧ್ಯಕ್ಷ ಅಹ್ಮದ್ ಅಲ್‌-ಶರಾ ಡಮಾಸ್ಕಸ್‌ನಲ್ಲಿ ಹಾಕಿದ ಸಹಿಯನ್ನು ನಾನು ಬರಿಯ ಶರಣಾಗತಿ ಎನ್ನಲಾರೆ. ಸೇನೆ, ಗಡಿ, ತೈಲಬಾವಿ, ಆಡಳಿತವೆಲ್ಲ ದೇಶದೊಳಗೆ ವಿಲೀನವಾಗಬೇಕು, ಕುರ್ದರ ಪೌರತ್ವದ ಹಕ್ಕು ಖಾತರಿಯಾಗಬೇಕು ಎಂಬುದು ಅದರ ತಿರುಳು. ಮೇಲೊಂದು ಅತಾತುರ್ಕ್ ಇರುವಾಗ ಬಂದೂಕಿನ ಬಲದಿಂದಲೇ ಪ್ರತ್ಯೇಕ ಆಡಳಿತ ಬಹುಕಾಲ ನಿಲ್ಲುವುದು ಸಾಧ್ಯವಿಲ್ಲ. ಡಮಾಸ್ಕಸ್‌ನ ಕಾನೂನು ಪುಸ್ತಕದಲ್ಲಿ ನಮ್ಮ 1983ರ ಕಾಯ್ದೆಯಂಥ ಒಂದು ಕಾಯ್ದೆ ಬಂದು, ಊರ ಸಭೆಗೆ ಹಣ ಮತ್ತು ಅಧಿಕಾರ, ಹೆಣ್ಣುಮಕ್ಕಳಿಗೆ ಸ್ಥಾನ, ಕುರ್ದಿ ಭಾಷೆಗೆ ಶಾಲೆ ಸಿಕ್ಕರೆ ಆ ಕಮ್ಯೂನುಗಳು ಬೇರೆ ಹೆಸರಿನಲ್ಲಾದರೂ ಉಳಿದಾವು. ಸಿಗದಿದ್ದರೆ ಉಳಿಯುವುದಿಲ್ಲ.