ನೀರಿಗೂ ಬೇಕು ಗಡುವು

ಅಮೆರಿಕದ ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ದೂರದ ಹೆಚ್ ಹೆಚಿ ಕಣಿವೆಯ ನೀರು ಬಂದುದು 1934ರಲ್ಲಿ. ಅದರ ಸುಮಾರು ಮೂರರಲ್ಲಿ ಎರಡು ಪಾಲು ಸಲ್ಲುವುದು ನಗರದ ಹೊರಗಿನ ಊರುಗಳಿಗೆ. ಕೊಳವೆಗಳೋ ಭೂಕಂಪದ ಬಿರುಕುಗಳನ್ನು ದಾಟಿ ಬರತಕ್ಕವು. 1906ರಲ್ಲಿ ಭೂಮಿ ನಡುಗಿ ಕೊಳವೆಗಳೊಡೆದು, ಬೆಂಕಿ ನಂದಿಸಲು ನೀರಿಲ್ಲದೆ ನಗರವೇ ಸುಟ್ಟುಹೋಗಿತ್ತು. ಆದರೂ ಹಳತಾದ ಕೊಳವೆಗಳ ದುರಸ್ತಿ ಹಿಂದೆ ಬಿತ್ತು.

ಹಣ ತೆತ್ತು ನೀರು ಕೊಳ್ಳುವ ಹೊರಊರಿನವರಿಗೆ ಆ ನಗರದಲ್ಲಿ ಮತವಿಲ್ಲ. ಅವರು ರಾಜ್ಯ ಶಾಸನಸಭೆಯ ಮೊರೆಹೊಕ್ಕರು. 2002ರಲ್ಲಿ ಕ್ಯಾಲಿಫೋರ್ನಿಯಾ ರಾಜ್ಯವು ಕಾನೂನು ಮಾಡಿ, ದುರಸ್ತಿಗೆ ವೇಳಾಪಟ್ಟಿಯನ್ನೂ ವರ್ಷ ವರ್ಷ ವರದಿಯನ್ನೂ ನಗರಕ್ಕೆ ವಿಧಿಸಿತು. ತರುವಾಯ ಸುಮಾರು 480 ಕೋಟಿ ಡಾಲರುಗಳ ಕಾಮಗಾರಿ ಕೈಗೂಡಿತು.

ಗಡಿನಾಡಿನ ನಾವು ಅರಿಯಬೇಕಾದುದಿಷ್ಟೆ: ಬರಿಯ ಆಶ್ವಾಸನೆಯಿಂದ ಕೊಡ ತುಂಬದು, ಅದಕ್ಕೆ ಗಡುವೂ ಲೆಕ್ಕ ಕೇಳುವವರೂ ಇರಬೇಕು.